ಮಂದಿ ಮುಂದ ಕೇಳ್ರಿ

"ನನ್ನ ಚಾಳೀಸ ಎಲ್ಲೈತಿ?" ಎನ್ನುತ್ತ ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ಮನೆಯೆಲ್ಲ ಹುಡುಕುತ್ತಿದ್ದರು. ಹಲಸೂರಿನಲ್ಲಿ ಹುಟ್ಟಿ ಬೆಳೆದ ಮನುಷ್ಯ ಕನ್ನಡಕಕ್ಕೆ ನಮ್ಮ ಧಾರವಾಡದ ಮಾತು ಬಳಸುವುದನ್ನು ಕೇಳಿ ನಗು ಬಂತು. ಈ ಮಾತಿನ ಸಲುವಾಗಿಯೇ ಒಂದು ಕಾಲದಲ್ಲಿ ಇವರ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತೆಂದರೆ ನೀವು ನಂಬಲಿಕ್ಕಿಲ್ಲ.

ಇಂದಿರಾನಗರದ ಒಂದು ವಿಮಾ ಕಚೇರಿಗೆ ನಾನು ಸೇರಿದ ಹೊಸತು. ವಾರ್ಷಿಕೋತ್ಸವದ ದಿನ ಮುರಳಿ ಎಂಬ ಸಹೋದ್ಯೋಗಿ ವೇದಿಕೆಯೇರಿ, ಸೊಂಟದ ಮೇಲೆ ಕೈಯಿಟ್ಟು, "ಊಟಾ ಮಾಡೀರಿಲ್ಲೋ? ಹಂಗ್ಯಾಕ ನೋಡ್ತೀರಿ?" ಎಂದು ಥೇಟ್ ನನ್ನ ಹಾಗೆಯೇ ಅಣಕಿಸಿದರು. ಇಡೀ ಸಭೆ ನಕ್ಕಿತು. ನಾನೂ ನಕ್ಕೆ, ಬೇರೇನು ಮಾಡಬೇಕೋ ತಿಳಿಯಲಿಲ್ಲ. ಮರುದಿನದಿಂದ ಮೀಟಿಂಗುಗಳಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದೆ. ಅವ್ವನ ಫೋನು ಬಂದರೆ ಮೆಟ್ಟಿಲ ಕೆಳಗೆ ಹೋಗಿ ಮಾತಾಡುತ್ತಿದ್ದೆ.

ಹಾಗಂತ ನಾನು ಸಾಧುವೇನಲ್ಲ. ಮುರಳಿಯವರ ರಜೆ ಅರ್ಜಿಗಳು ನನ್ನ ಮೇಜಿಗೇ ಬರುತ್ತಿದ್ದವು. ಪುಣ್ಯಾತ್ಮ ಅಭಿಮಾನದಿಂದ ಕನ್ನಡದಲ್ಲೇ ಬರೆಯುತ್ತಿದ್ದರು. ಒಂದು ಒತ್ತಕ್ಷರ ತಪ್ಪಿದರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸು ಕಳಿಸುತ್ತಿದ್ದೆ. ಒಮ್ಮೆ 'ಶಸ್ತ್ರಚಿಕಿತ್ಸೆ' ತಪ್ಪಾಗಿತ್ತು. ಸುತ್ತು ಹಾಕಿ ಕಳಿಸಿದೆ. ಅವರು ನಿಂತಲ್ಲೇ ತಿದ್ದಿ ಕೊಟ್ಟು ಹೋದರು. ಯಾರ ಶಸ್ತ್ರಚಿಕಿತ್ಸೆ ಎಂದು ಓದಿದ್ದು ಆಮೇಲೆ. ಅವರ ತಾಯಿಯದು. ಕೆಂಪು ಪೆನ್ನನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದೆ.

ಮುಂದಿನ ಭಾನುವಾರ ಹಲಸೂರಿನ ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಂತು, "ನಂದು ತಪ್ಪಾತ್ರಿ" ಎಂದೆ. ಎಷ್ಟೋ ತಿಂಗಳ ಮೇಲೆ ಅವರೆದುರು ನನ್ನ ಮಾತು ಆಡಿದ್ದೆ.

ಮುರಳಿ ತಲೆ ತಗ್ಗಿಸಿದರು. "ನೀವು ಅರ್ಜಿ ವಾಪಸ್ ಮಾಡಿದ್ರಿ, ಅಷ್ಟೇ. ನಾನು ನಿಮ್ಮ ಬಾಯೇ ಮುಚ್ಚಿಸ್ಬಿಟ್ಟೆ. ಕ್ಷಮಿಸ್ಬಿಡಿ."

"ಮಂದಿ ಮುಂದ ನಗಿಸೀರಿ. ಮಂದಿ ಮುಂದನ ಕೇಳ್ರಿ."

ಒಳಗೆ ಮಲಗಿದ್ದ ಅವರ ತಾಯಿ, "ಕರೆಕ್ಟಾಗಿ ಹೇಳ್ದೆ ಮಾ! ಕೇಳಿಸ್ತೇನೋ ಮುರಳಿ?" ಎಂದರು.

ಕೇಳಿಸಿತ್ತು. ಮರುವರ್ಷದ ವಾರ್ಷಿಕೋತ್ಸವದಲ್ಲಿ ಅವರು ಮೈಕ್ ಹಿಡಿದರು. "ಹೋದ ವರ್ಷ ಒಬ್ರ ಮಾತನ್ನ ಆಡ್ಕೊಂಡು ನಿಮ್ಮನ್ನೆಲ್ಲ ನಗಿಸ್ದೆ. ಅವತ್ತಿಂದ ಅವ್ರು ಮಾತಾಡೋದೇ ಬಿಟ್ರು. ತಪ್ಪು ನಂದು. ಅವ್ರನ್ನ ಕ್ಷಮೆ ಕೇಳ್ತೀನಿ." ಅಷ್ಟು ಹೇಳಿ ಮೈಕನ್ನು ನನ್ನತ್ತ ಚಾಚಿದರು.

ವೇದಿಕೆ ಹತ್ತಿದೆ. "ಎಲ್ಲಾರಿಗೂ ನಮಸ್ಕಾರ್ರಿ. ಒಂದು ವರ್ಷದ ಮಾತು ಉಳದೈತಿ. ಸಮಾಧಾನದಿಂದ ಕೂಡ್ರಿ" ಎಂದೆ. ಸಭೆ ಮತ್ತೆ ನಕ್ಕಿತು. ಈ ಸಲ ನಗಿಸಿದವಳು ನಾನು! ಮ್ಯಾನೇಜರು ಎರಡು ಸಲ ಗಡಿಯಾರ ನೋಡಿದರೂ ಇಳಿಯಲಿಲ್ಲ.

ಕ್ಷಮಿಸಿದ್ದು ಅವತ್ತು. ಪ್ರೀತಿ ಬಂದದ್ದು ನಿಧಾನಕ್ಕೆ, ಹಲಸೂರು ಕೆರೆಯ ಸುತ್ತ ನಡೆಯುತ್ತ, "ಇದಕ್ಕೆ ನಿಮ್ಮ ಕಡೆ ಏನಂತಾರ್ರೀ?" ಎಂದು ಅವರು ಒಂದೊಂದಕ್ಕೂ ಕೇಳುತ್ತಿದ್ದಾಗ. ಎರಡು ವರ್ಷಕ್ಕೆ ಮದುವೆಯಾಯಿತು.

ಇವತ್ತು ಮಧ್ಯಾಹ್ನದ ಮೀಟಿಂಗಿನಲ್ಲಿ, ಹೊಸದಾಗಿ ಸೇರಿದ ಕಲಬುರಗಿಯ ಹುಡುಗಿ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಳು. ಮೊದಲಾಗಿದ್ದರೆ ನಾನೂ ತಲೆ ಬಗ್ಗಿಸಿ ಕೂರುತ್ತಿದ್ದೆನೇನೋ. "ನಿನ್ನ ಮಾತಿನಾಗ ಹೇಳವಾ" ಎಂದೆ. ಅವಳು ಒಮ್ಮೆ ಸುತ್ತ ನೋಡಿದಳು. ಆಮೇಲೆ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತಳು.