ಗೊತ್ತಿಲ್ಲ ಮೇಷ್ಟ್ರು

ಸಸ್ಯಶಾಸ್ತ್ರದ ಪ್ರೊಫೆಸರಿಗೆ ಕಾಲೇಜಿನವರು ಇಟ್ಟ ಹೆಸರು ‘ಗೊತ್ತಿಲ್ಲ ಮೇಷ್ಟ್ರು’. ಯಾರಾದರೂ ತಲೆ ತುರಿಸಿಕೊಳ್ಳುವಂಥ ಪ್ರಶ್ನೆ ಕೇಳಿದರೆ ಸಾಕು, ಲಾಟರಿ ಹೊಡೆದವರಂತೆ ಮುಖ ಅರಳಿಸಿ, “ಗೊತ್ತಿಲ್ಲಮ್ಮ, ನಾಳೆ ಹೇಳ್ತೀನಿ” ಎಂದು ಜೇಬಿನ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ನಾಳೆ ಎಂದರೆ ನಾಳೆಯೇ. ಕ್ಯಾಂಟೀನಿನ ಸಾಲಿನಲ್ಲಿ, ಬಸ್ಸಿನ ಕಿಟಕಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದ ವಿದ್ಯಾರ್ಥಿನಿಗೂ ಬಿಡದೆ ಉತ್ತರ ಒಪ್ಪಿಸಿ ಬಂದಿದ್ದಾರೆ. “ಹೀಗಾದ್ರೆ ಮರ್ಯಾದೆ ಏನ್ರೀ ಉಳಿಯುತ್ತೆ?” ಎಂದು ಸಹೋದ್ಯೋಗಿಗಳು ಗೊಣಗಿದರೆ ನಗುತ್ತ ಚಾಕ್‌ಪುಡಿ ಕೊಡವಿಕೊಳ್ಳುತ್ತಾರೆ. ನೋಟ್‌ಬುಕ್ಕಿನ ಪ್ರಶ್ನೆಗಳಿಗೆಲ್ಲ ಟಿಕ್ ಬಿದ್ದಿದೆ, ಮೊದಲನೆಯದಕ್ಕೆ ಮಾತ್ರ ಇಲ್ಲ: ಎಲೆ ಉದುರಿದರೆ ಗಿಡಕ್ಕೆ ಗಾಯವಾಗುವುದಿಲ್ಲವೇ? ಕೆಲಸಕ್ಕೆ ಸೇರಿದ ವರ್ಷ, ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಕೂತಿದ್ದಾಗ ಹುಡುಗಿಯೊಬ್ಬಳು ಕೇಳಿದ್ದು. ಗೊತ್ತಿಲ್ಲ ಎನ್ನಲು ನಾಚಿ, “ಗಿಡಕ್ಕೆ ಗಾಯಾನೇ ಆಗಲ್ಲ, ಕೂತ್ಕೊ” ಎಂದುಬಿಟ್ಟಿದ್ದರು. ಆ ಸಂಜೆಯೇ ನೋಟ್‌ಬುಕ್ ಕೊಂಡರು. ಗಾಯವಾಗುತ್ತದೆ, ಆದರೆ ಎಲೆ ಕಳಚುವ ಮೊದಲೇ ಗಿಡ ಆ ಜಾಗವನ್ನು ಮುಚ್ಚಿಕೊಳ್ಳಲು ತೊಡಗಿರುತ್ತದೆ ಎಂದು ತಿಳಿಯುವಷ್ಟರಲ್ಲಿ ಅವಳು ಕಾಲೇಜು ಬಿಟ್ಟಿದ್ದಳು. ಈ ವರ್ಷ ಅದೇ ಪಾಠದಲ್ಲಿ ಅವರು ಅದೇ ಪ್ರಶ್ನೆ ಕೇಳಿದಾಗ ಮುಂದಿನ ಬೆಂಚಿನ ಹುಡುಗಿ ಎದ್ದಳು. “ಗಾಯಾನೇ ಆಗಲ್ಲ ಸರ್. ನಮ್ಮಮ್ಮಂಗೆ ಇದೇ ಕಾಲೇಜಲ್ಲಿ ಹೇಳ್ಕೊಟ್ಟಿದ್ರಂತೆ.” ಮೇಷ್ಟ್ರು ಎರಡು ಲಾಟರಿ ಒಟ್ಟಿಗೆ ಹೊಡೆದವರಂತೆ ಅರಳಿದರು. “ಸಾಯಂಕಾಲ ಮನೇಲಿರೋಕೆ ಹೇಳಮ್ಮ ನಿಮ್ಮಮ್ಮಂಗೆ. ನಾಳೆ ಹೇಳ್ತೀನಿ ಅನ್ನೋದು ಬಿಟ್ಟು ಸುಳ್ಳು ಹೇಳಿ ಕೂರಿಸ್ಬಿಟ್ಟಿದ್ದೆ.”