ಪತ್ತಾರ ಓಣಿಯ ಕಸ ತೊಳೆಯುವ ಖಾಸಿಂಬಿ

ಅಣ್ಣಿಗೇರಿಯ ಪತ್ತಾರ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಸ ಹೊಡೆಯಬೇಕಾದ ಖಾಸಿಂಬಿ ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಾಳೆ. ಬಂಗಾರದಂಗಡಿಯ ಮೋನಪ್ಪ ಪತ್ತಾರ ಧೋತರ ಎತ್ತಿ ಕಟ್ಟಿ ತಾನೇ ಕಸಬರಿಗೆ ಹಿಡಿದಿದ್ದಾನೆ.

"ಗಾಳಿಗೆ ಎದುರ ಹೊಡ್ಯಾಕತ್ತೀರಿ, ಕಾಕಾ. ಬಂಗಾರೆಲ್ಲಾ ಬಾಜೂ ಅಂಗಡಿಗೆ ಹೊಂಟೈತಿ."

"ಬಾಯಿ ಮುಚ್ಚಬೇ!"

"ಮುಚ್ಚತೀನ್ರಿ. ಇಲ್ಲಾಂದ್ರ ನೀವೆಬ್ಬಿಸೋ ಧೂಳು ಒಳಗ ಹೊಕ್ಕೈತಿ."

ಅಂಗಡಿಗಳಲ್ಲಿ ಒಡವೆಗೆ ಅರ ಉಜ್ಜುವಾಗ ಉದುರಿದ ಬಂಗಾರದ ಪುಡಿ ಕಸಕ್ಕೂ ಗಟಾರದ ಕೆಸರಿಗೂ ಸೇರುತ್ತದೆ. ಅದನ್ನು ಬಳಿದು ತಂದು, ಮರಿಗೆಯಲ್ಲಿ ತೊಳೆತೊಳೆದು ಬಂಗಾರ ಬೇರೆ ಮಾಡುವುದು ಖಾಸಿಂಬಿಯ ಕಸುಬು. ಅತ್ತೆಯಿಂದ ಬಂದದ್ದು. ಸಾಸಿವೆಯಷ್ಟು ಸಿಕ್ಕ ದಿನ ಮನೆಯಲ್ಲಿ ಬೇಳೆ ಬೇಯುತ್ತದೆ. ಸಿಗದ ದಿನ ರೊಟ್ಟಿ, ಖಾರ. ಬೆರಳಸಂದಿಯ ಕೆಸರುಹುಣ್ಣು ಮಾತ್ರ ಎರಡೂ ದಿನ ಇರುತ್ತದೆ.

ಈ ವರ್ಷ, ಅಂದರೆ ೧೯೮೪ರ, ಮೊದಲ ದೊಡ್ಡ ಮಳೆಗೆ ಮೋನಪ್ಪನ ಅಂಗಡಿ ಮುಂದಿನ ಕೆಸರಿನಲ್ಲಿ ಪುಡಿಯಲ್ಲ, ಇಡೀ ಬಂಗಾರದ ನಾಣ್ಯವೇ ಸಿಕ್ಕಿತು. ಒಂದು ಬದಿಗೆ ಯುದ್ಧದ ಟೊಪ್ಪಿಗೆ ಹಾಕಿದ ಹೆಂಗಸು, ಇನ್ನೊಂದು ಬದಿಗೆ ರೆಕ್ಕೆಯ ಹೆಂಗಸು.

"ನನ್ನ ಅಂಗಡಿ ಮುಂದಿಂದು, ನಂದು," ಎಂದು ಮೋನಪ್ಪ ಕೈಚಾಚಿದ.

"ಕಸಾ ನಂದಂದಮ್ಯಾಗ ಕಸದಾಗಿಂದೂ ನಂದ," ಎಂದು ಖಾಸಿಂಬಿ ಮುಷ್ಟಿ ಬಿಗಿದಳು.

ಜಗಳ ಬಿಡಿಸಲು ಬಂದ ಮಡಿವಾಳೆಪ್ಪ ಮಾಸ್ತರರು ನಾಣ್ಯವನ್ನು ಬಿಸಿಲಿಗೆ ಹಿಡಿದು, "ಇದು ಯವನರದು. ಭಾಳ ಅಪರೂಪದ್ದು," ಎಂದರು. ಅವರು ಹೇಳಿದ್ದು ಪ್ರಾಚೀನ ಗ್ರೀಕರನ್ನು. ಓಣಿಯ ಹಳೇ ಮಂದಿಗೆ ಯವನರೆಂದರೆ ಮುಸಲ್ಮಾನರು.

ಮೋನಪ್ಪ ಹಾಸ್ಯಕ್ಕೆ, "ಹಂಗಾರ ನಿಮ್ಮ ಮಂದೀದ ಬಿಡಬೇ," ಎಂದ.

"ಕೇಳಿದ್ರೆಲ್ಲಾರೂ? ಇವರ ಬಾಯಿಲೇನ ಬಂತು!" ಎನ್ನುತ್ತ ಖಾಸಿಂಬಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಬಿಟ್ಟಳು. ಮಾಸ್ತರರು "ಗ್ರೀಕ, ಗ್ರೀಕ" ಎನ್ನುತ್ತಲೇ ಉಳಿದರು.

"ಮಾರೂದಿಲ್ರಿ," ಎನ್ನುತ್ತಾಳೆ ಕೇಳಿದವರಿಗೆಲ್ಲ. "ಇನ್ನೊಂದ ಸಿಕ್ರ ಕಿವಿಗೆ ಜೋಡಿ ಅಕ್ಕೈತಿ."

ಆ ಇನ್ನೊಂದರ ಆಸೆಗೇ ಮೋನಪ್ಪ ಈಗ ಕಸ ಬಿಟ್ಟುಕೊಡುತ್ತಿಲ್ಲ. ಕಸ ಹೋದರೆ ಖಾಸಿಂಬಿಯ ಒಲೆಯೂ ಹೋದಂತೆ. ಆದರೂ ಆಕೆ ಗದ್ದಲ ಮಾಡದೆ ದಿನವೂ ಬಂದು ಕೂರುತ್ತಾಳೆ.

ಇವತ್ತು ಗುಡಿಸುತ್ತಿದ್ದಂತೆಯೇ ಮೋನಪ್ಪನ ಸೊಂಟ ಹಿಡಿಯುತ್ತದೆ. ಬಾಗಿದವನು ಬಾಗಿಯೇ ನಿಲ್ಲುತ್ತಾನೆ.

"ತಗೋಬೇ ಕಸಬರಿಗಿ. ನನ್ನ ಕೈಲೆ ಆಗೂದಿಲ್ಲ. ಖರೆ ಇನ್ನಮ್ಯಾಲೆ ನಾಣ್ಯ ಸಿಕ್ರ ನಂದು!"

ಖಾಸಿಂಬಿ ಸೆರಗು ಸಿಗಿಸಿ, ಗಾಳಿ ನೋಡಿಕೊಂಡು ನಿಲ್ಲುತ್ತಾಳೆ.

"ಆತ್ರಿ ಕಾಕಾ, ನಾಣ್ಯದ ಮ್ಯಾಗಿನ ಮಾರಿ ನೋಡಿ ಹಂಚೂಣು. ನಿಮ್ಮ ಮಂದೀದಿದ್ರ ನಿಮಗ, ಯವನರದಿದ್ರ ನಮ್ಮ ಮನೀಗೆ."