ಒಂದು ಬೆರಳು ಒಳಗೆ

ನಾಶಿಕ್‌ನ ನಮ್ಮ ಚಿಕ್ಕ ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ತಪಾಸಣೆಗೆ ವಿಜಯಪುರದ ಕಡೆಯ ಹಿರಿಯ ಇನ್‌ಸ್ಪೆಕ್ಟರ್ ಒಬ್ಬರಿದ್ದರು. ಯಾವ ಕಾಗದವನ್ನೂ ಸಾಲಿನ ಕೆಳಗೆ ಸ್ಟೀಲ್ ಸ್ಕೇಲ್ ಇಟ್ಟೇ ಓದುವರು. ಓದಿ ಒಪ್ಪಿಗೆಯಾದ ಮೇಲೆಯೇ ಸ್ಕೇಲು ಜೇಬು ಸೇರುವುದು. ತಮ್ಮ ಷರಾ ಒಂದು ಸಾಲಿನಲ್ಲಿ ಹಿಡಿಸದಿದ್ದರೆ ಮುಂದಿನ ಸಾಲನ್ನು ಒಂದು ಬೆರಳು ಒಳಗೆ ಶುರುಮಾಡುವರು. ನಾನು ಅವಸರ ಮಾಡಿದರೆ ಒಂದೇ ಮಾತು: "ಖಾಲಿ ಜಾಗಾನೂ ಓದು, ತಂಗಿ."

ಒಮ್ಮೆ ಬಿರುಕುಬಿಟ್ಟ ಬೋಲ್ಟುಗಳ ಒಂದು ಲಾಟ್ ಹೊರಗೆ ಹೋಗಿಬಿಟ್ಟಿತ್ತು. ಯಾರಿಗೆಲ್ಲ ಹೋಗಿದೆಯೆಂಬುದು ಹಳೆಯ ಈಮೇಲ್‌ಗಳ ಹೆಡರ್‌ನಲ್ಲಿ, ಅಂದರೆ ಮೇಲ್ತುದಿಯ ವಿಳಾಸದ ಸಾಲುಗಳಲ್ಲಿ ಇತ್ತು. ವಿಳಾಸ ಹೆಕ್ಕಲು ನಾನೊಂದು ರೆಜೆಕ್ಸ್, ಕಂಪ್ಯೂಟರ್‌ಗೆ ಕೊಡುವ ಹುಡುಕು-ಸೂತ್ರ, ಬರೆದೆ. ಅದು ಸಾಲು ಮುಗಿದಲ್ಲಿಗೆ ನಿಂತು ಮೂರು ವರ್ಕ್‌ಶಾಪ್ ತೋರಿಸಿತು. ಎಚ್ಚರಿಕೆಯ ಮೇಲ್ ಕಳಿಸುವ ಮುನ್ನ ಅವರು ಹೆಡರ್‌ನ ಪ್ರಿಂಟ್ ಕೇಳಿ ಸ್ಕೇಲ್ ಇಟ್ಟರು.

"ಈ ಸಾಲು ಒಳಗ ಯಾಕ ಸರದೈತಿ?"

"ಅದು ಬೇರೆ ಏನೋ ಸಾಲು, ಸರ್."

"ಬ್ಯಾರೆ ಅಲ್ಲವ್ವಾ, ಮ್ಯಾಲಿಂದಽ ಮುಂದುವರದೈತಿ."

ನಿಜ. ಉದ್ದನೆಯ ವಿಳಾಸಪಟ್ಟಿ ಮುರಿದು, ಖಾಲಿ ಜಾಗದಿಂದ ಶುರುವಾಗುವ ಮುಂದಿನ ಸಾಲಿಗೆ ಇಳಿದಿತ್ತು. ಅಂಥ ಸಾಲುಗಳನ್ನೂ ಹಿಂದಿನದಕ್ಕೆ ಸೇರಿಸಿಕೊಳ್ಳುವಂತೆ ರೆಜೆಕ್ಸ್ ತಿದ್ದಿದೆ. ಸಂಭಾಜಿನಗರದ ನಾಲ್ಕನೆಯ ವರ್ಕ್‌ಶಾಪ್ ಸಿಕ್ಕಿತು.

ಅವರೇ ಅಲ್ಲಿಗೆ ಫೋನ್ ಮಾಡಿ ಮರಾಠಿಯಲ್ಲಿ ಮಾತಾಡಿದರು. ಕೇಳಿಸಿಕೊಂಡು ನನ್ನತ್ತ ತಿರುಗಿದರು: "ಬೋಲ್ಟಿನ ಪೆಟ್ಟಿಗಿ ಇನ್ನೂ ಒಡದಿಲ್ಲಂತ."

ಬೈಯಲಿಲ್ಲ, ಹೊಗಳಲೂ ಇಲ್ಲ. ತಿದ್ದಿದ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿ ಸ್ಕೇಲನ್ನು ಜೇಬಿಗಿಳಿಸಿದರು. ಬೆಳಿಗ್ಗೆಯಿಂದ ಮೇಜಿನ ಮೇಲೆ ಆರಿಹೋಗಿದ್ದ ಚಹಾವನ್ನು ನಾನು ಆಗ ಕುಡಿದೆ. ಅಷ್ಟು ರುಚಿಯ ಚಹಾ ಮತ್ತೆ ಕುಡಿದಿಲ್ಲ.